ಕೆಂಪು ದಾರದ ಲಡಿ

ಹೋದ ವಾರ ಹುಕ್ಕೇರಿ ಸಂತೆಯಲ್ಲಿ ನನ್ನ ಕಾಲು ತಾವಾಗಿ ನಿಂತುಬಿಟ್ಟವು. ಮೆಣಸಿನಕಾಯಿಯ ಸಾಲು ದಾಟಿ, ಬುಟ್ಟಿ ಮಾರುವವರ ಆಚೆ, ಒಣಮೀನಿನ ಹೆಂಗಸರು ಕೂತಿರುತ್ತಾರಲ್ಲ, ಅಲ್ಲಿ. ನಮ್ಮ ಮಂದಿ ಸೆರಗಿನಿಂದ ಮೂಗು ಮುಚ್ಚಿಕೊಂಡು ದಾಟುವ ಜಾಗ ಅದು. ನಾನು ಸೆರಗು ಸರಿಸಿ ಎದೆ ತುಂಬ ಒಮ್ಮೆ ಉಸಿರು ಎಳೆದುಕೊಂಡೆ. ಜೊತೆಗಿದ್ದ ಸೊಸೆ ಗಾಬರಿಯಾದಳು.

“ಅತ್ತಿ, ಏನ್ರಿ ಇದು? ಲಿಂಗ ಕಟ್ಟಿದಾಕಿ ನೀವು. ಮೀನದ ಮುಂದ ಹಿಂಗ ನಿಂತ್ರ ನೋಡಿದವರು ಏನಂದಾರು?”

“ಏನರ ಅನ್ಲಿ. ನಾ ತಿನ್ನಾಕ ನಿಂತಿಲ್ಲ. ನಮ್ಮತ್ತಿ ನೆನಪಾದಳು, ಅದಕ್ಕ ನಿಂತೀನಿ,” ಅಂದೆ.

ಅವಳು ನನ್ನ ಮುಖವನ್ನೇ ನೋಡಿದಳು. ಮುದುಕಿಯ ತಲೆ ಕೆಟ್ಟಿತು ಅಂದುಕೊಂಡಿರಬೇಕು. ತಪ್ಪೇನಿಲ್ಲ, ಒಣಮೀನಿನ ವಾಸನೆಗೆ ಅತ್ತೆ ನೆನಪಾಗುವುದೆಂದರೆ ಯಾರಿಗಾದರೂ ಹಾಗೇ ಅನಿಸೀತು. ಮನೆಗೆ ಬಂದವಳೇ ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆಗೆ ಸಾಲಿ ಬಿಟ್ಟ ಕೈ ಇದು, ಅಕ್ಷರ ಸೊಟ್ಟಗಾದರೆ ಓದುವವರು ಸುಧಾರಿಸಿಕೊಳ್ಳಬೇಕು.

ನಮ್ಮದು ಘಟಪ್ರಭೆಯ ದಂಡೆಯ ದಡ್ಡಿ ಎಂಬ ಊರು. ನನ್ನ ಅತ್ತೆ ಗಂಗವ್ವ ಸೆಣಬಿನ ಹುರಿ ಹೊಸೆಯುವುದರಲ್ಲಿ ಎತ್ತಿದ ಕೈ. ಹೊಲದ ಒಂದು ಮೂಲೆಯಲ್ಲಿ ಸೆಣಬು ಬೆಳೆದು, ಕೊಯ್ದು, ಹೊಳೆಯ ಮಡುವಿನಲ್ಲಿ ನೆನೆಹಾಕಿ, ನಾರು ಸುಲಿದು ಒಣಗಿಸಿ, ತಕಲಿಯಲ್ಲಿ ಹುರಿ ಮಾಡುತ್ತಿದ್ದಳು. ಊರಲ್ಲಿ ಬೇರೆಯವರೂ ಹೊಸೆಯುತ್ತಿದ್ದರು, ಆದರೆ ಅವರದು ಎತ್ತಿನ ಹಗ್ಗ, ಬಾವಿಯ ಹಗ್ಗ. ಅತ್ತೆಯದು ಸಮುದ್ರದಲ್ಲಿ ಮೀನು ಹಿಡಿಯುವ ಬಲೆಯ ಹುರಿ. ನಮ್ಮೂರ ಗಾಡಿಯ ಇಮಾಮಸಾಬ ಪ್ರತಿ ಬೇಸಿಗೆ ಜೋಳ, ಬೆಲ್ಲ, ಮೆಣಸಿನಕಾಯಿ ಹೇರಿಕೊಂಡು ಅಂಬೋಲಿ ಘಾಟು ಇಳಿದು ವೆಂಗುರ್ಲೆಗೆ ಹೋಗುವಾಗ ಅತ್ತೆ ಸುತ್ತಿಟ್ಟ ಹುರಿಯ ಲಡಿಗಳನ್ನೂ ಒಯ್ಯುತ್ತಿದ್ದ. ಅಲ್ಲಿ ಸಮುದ್ರದ ಕೇರಿಯೊಂದರಲ್ಲಿ ವಿಠು ತಾಂಡೇಲ ಅಂತ ಒಬ್ಬ ಇದ್ದ. ದಂಡೆಯಿಂದ ಎಳೆಯುವ ದೊಡ್ಡ ಬಲೆಗೆ, ಅದನ್ನು ಎಳೆಯುವ ಮಂದಿಗೆ ಅವನೇ ಯಜಮಾನ. ಮಳೆಗಾಲದಲ್ಲಿ ಕಡಲು ಮುಚ್ಚಿದಾಗ ಅವನ ಮನೆಯವರು ನಮ್ಮ ಹುರಿಯಿಂದ ಬಲೆ ಹೆಣೆಯುತ್ತಿದ್ದರು.

ಮೀನು ಮುಟ್ಟದವರ ಮನೆಯಲ್ಲಿ ಬಲೆಯ ಹುರಿ! ಓಣಿಯವರು ಚೇಷ್ಟೆ ಮಾಡದೆ ಬಿಟ್ಟಾರೆಯೇ? ಅತ್ತೆ ಯಾರ ಮಾತಿಗೂ ಸೊಪ್ಪು ಹಾಕಿದವಳಲ್ಲ. “ಜೋಳಾ ಬಿತ್ತಾವ ಅದನ್ನ ಯಾರ ತಿಂತಾರ ಅಂತ ಕೇಳಿ ಬಿತ್ತತಾನೇನು? ಹುರಿ ಹೊಸಿಯೂದು ನನ್ನ ಕಾಯಕ. ಅದರಾಗ ಎಳಿ ಸಡಿಲ ಇದ್ರ ಹೇಳ, ಕೇಳತೀನಿ,” ಅನ್ನುವಳು. ಪ್ರತಿ ಲಡಿಗೂ ಒಂದು ಕೆಂಪು ದಾರ ಕಟ್ಟುತ್ತಿದ್ದಳು. ಆ ದಾರ ಇದ್ದರೆ ಅದು ಗಂಗವ್ವನ ಹುರಿ, ಹರಿದರೆ ಗಂಗವ್ವನನ್ನೇ ಕೇಳಬೇಕು ಅಂತ ಅರ್ಥ. ಆ ದಾರವನ್ನು ಅವಳಲ್ಲದೆ ಮತ್ತೊಬ್ಬರು ಕಟ್ಟುವಂತಿರಲಿಲ್ಲ.

ನಾನು ಅಂಕಲಗಿಯ ನೇಕಾರರ ಮಗಳು. ಮದುವೆಯಾಗಿ ಬಂದ ಮೊದಲ ವರ್ಷ ಅತ್ತೆ ನನ್ನ ಕೆಲಸವನ್ನು ಒಂದು ದಿನವೂ ಹೊಗಳಲಿಲ್ಲ. ರೊಟ್ಟಿ ದಪ್ಪವಾಯಿತು, ಹುರಿ ಒರಟಾಯಿತು, ಸಗಣಿ ಸಾರಿಸಿದ್ದು ತೆಳುವಾಯಿತು. ಬೈಗುಳವಲ್ಲ, ಹೊಗಳಿಕೆಯೂ ಅಲ್ಲ. ಹತ್ತೊಂಬತ್ತರ ಹುಡುಗಿಗೆ ಅದು ಬೈಗುಳಕ್ಕಿಂತ ಕಷ್ಟ. ಆ ಬೇಸಿಗೆಯಲ್ಲಿ ಅತ್ತೆಗೆ ಚಳಿಜ್ವರ ಬಂದು ಹದಿನೈದು ದಿನ ಹಾಸಿಗೆ ಹಿಡಿದಳು. ಹೊಸೆದ ಹುರಿಯ ರಾಶಿ ಪಡಸಾಲೆಯಲ್ಲಿತ್ತು, ಅದನ್ನು ನುಣ್ಣಗೆ ಮಾಡಿ ಲಡಿ ಸುತ್ತುವುದಷ್ಟೇ ಬಾಕಿ. ಅತ್ತೆ ಒದ್ದೆ ತೆಂಗಿನ ನಾರಿನಿಂದ ತಿಕ್ಕಿ ತಿಕ್ಕಿ ನುಣ್ಣಗೆ ಮಾಡುತ್ತಿದ್ದಳು. ನಾನು ಯೋಚನೆ ಮಾಡಿದೆ. ನಮ್ಮಪ್ಪ ಮಗ್ಗಕ್ಕೆ ಏರಿಸುವ ಮುಂಚೆ ಹಾಸಿನ ನೂಲಿಗೆ ಜೋಳದ ಗಂಜಿ ಕುಡಿಸುತ್ತಿದ್ದ, ನೂಲು ಎಷ್ಟು ಬಿಗಿ, ಎಷ್ಟು ನುಣುಪು ಆಗುತ್ತಿತ್ತು! ಅಷ್ಟೇ. ತೆಳ್ಳಗೆ ಗಂಜಿ ಕಾಯಿಸಿ, ಸೋಸಿ, ಇಡೀ ರಾಶಿಗೆ ಕುಡಿಸಿ, ಬೇವಿನ ಗಿಡದಿಂದ ಗಿಡಕ್ಕೆ ಹಾಯಿಸಿ ಒಣಗಿಸಿದೆ.

ಅತ್ತೆ ಎದ್ದು ಬಂದು ಲಡಿ ಮುಟ್ಟಿ ನೋಡಿದಳು. ಬೆರಳಲ್ಲಿ ಜಾರಿಸಿದಳು, ಗಲ್ಲಕ್ಕೆ ಒತ್ತಿಕೊಂಡಳು. “ಹೆಂಗ ತಿಕ್ಕಿದಿ ಇದನ್ನ? ನನ್ನ ಕೈಗೂ ಹಿಂಗ ಬಂದಿಲ್ಲಲ್ಲ ನೀಲಾ,” ಅಂದಳು. ನನ್ನ ಹೆಸರು ಹಿಡಿದು ಮೆತ್ತಗೆ ಕರೆದದ್ದು ಅದೇ ಮೊದಲು. ಗಂಜಿಯ ಮಾತು ಬಾಯಿಗೆ ಬಂದಿತ್ತು, ನುಂಗಿದೆ. ತವರಿನ ಗುಟ್ಟು ನನ್ನಲ್ಲೇ ಇರಲಿ ಅನ್ನುವ ಜಂಬ. “ಹಂಗ ತಿಕ್ಕೀನ್ರಿ,” ಅಂದುಬಿಟ್ಟೆ. ಅತ್ತೆ ಕೂತು ಒಂದೊಂದಕ್ಕೂ ಕೆಂಪು ದಾರ ಕಟ್ಟಿದಳು.

ಮಳೆಗಾಲ ಕಳೆಯಿತು. ದೀಪಾವಳಿಯ ಹೊತ್ತಿಗೆ ಇಮಾಮಸಾಬ ಕೊಂಕಣದಿಂದ ಬಂದವನು ಗಾಡಿ ಬಿಚ್ಚುವ ಮುಂಚೆಯೇ ನಮ್ಮ ಅಂಗಳಕ್ಕೆ ಬಂದ. ಕೈಯಲ್ಲಿ ಹರಿದ ಬಲೆಯ ತುಂಡು.

“ಅಕ್ಕಾರ, ಹೆಂಗ ಹೇಳ್ಬೇಕೋ ತಿಳೀವಲ್ದು. ನಿಮ್ಮ ಹುರಿ ಹರೀತಂತ್ರಿ. ಹಂಗಾಮಿನ ಮೊದಲನೇ ದೊಡ್ಡ ಹಿಂಡು ಬಿದ್ದಿತ್ತಂತ, ಮೀನ ತುಂಬೂ ಚೀಲ, ಬಲಿ ಹೊಟ್ಟಿನ, ಬಾಯಿ ಬಿಡ್ತಂತ. ಎಳದವರೆಲ್ಲಾ ಖಾಲಿ ಬುಟ್ಟಿ ಹೊತಗೊಂಡ ಮನಿಗೆ ಹೋದ್ರು. ಇನ್ನ ಮುಂದ ಮುಂಬೈ ಗಿರಣಿ ಹುರಿ ತರಸ್ತೀನಿ, ಆ ಹೆಣ್ಮಗಳಿಗೆ ಹೇಳ ಅಂದಾನ ತಾಂಡೇಲ.”

ಅತ್ತೆ ತುಂಡು ತೆಗೆದುಕೊಂಡು ಎರಡು ಕೈಯಿಂದ ಜಗ್ಗಿದಳು. ಹಳೇ ಬಟ್ಟೆ ಹರಿದಂತೆ ಹರಿಯಿತು. ಅವಳ ಮುಖ ನೋಡಲು ನನಗೆ ಆಗಲಿಲ್ಲ. “ನನ್ನ ಹುರಿ ಹರಿಯೂದಿಲ್ಲ,” ಅಂದಳು. ಮತ್ತೆ ಅದನ್ನೇ ಅಂದಳು. ಆಮೇಲೆ, “ಇಮಾಮಸಾಬ, ಮತ್ತ ಯಾವಾಗ ಇಳಿತಿ ಘಾಟು?” ಎಂದು ಕೇಳಿದಳು.

“ಎಂಟ ದಿನಕ್ಕ ಹೋಗ್ತೀನ್ರಿ.”

“ನಾವೂ ಬರತೀವಿ. ಹೆಂಗ ಹರೀತು ಅಂತ ಕಣ್ಣಿಲೆ ನೋಡಿ ಬರತೀನಿ. ನೋಡೂತನಾ ಬರಂಗಿಲ್ಲ.”

ನನ್ನ ಗಂಡ ಬೇಡವೆಂದು ಹೇಳಿ ನೋಡಿದರು. ಹಿಂಗಾರಿ ಜೋಳ ಹೊಲದಲ್ಲಿತ್ತು, ಅವರು ಬಿಟ್ಟು ಬರುವಂತಿರಲಿಲ್ಲ. ಅತ್ತೆಯ ಜೊತೆ ನಾನು ಹೊರಟೆ. ನಿಜ ಹೇಳುತ್ತೇನೆ, ಆಗ ನನಗೆ ಗಂಜಿಯ ಯೋಚನೆಯೇ ಬಂದಿರಲಿಲ್ಲ. ಸಮುದ್ರ ನೋಡುವ ಹುಚ್ಚಿನಲ್ಲಿದ್ದೆ.

ಐದು ದಿನ ಗಾಡಿಯಲ್ಲಿ. ಘಾಟಿನ ಇಳಿಜಾರಿನಲ್ಲಿ ಆಗಷ್ಟೇ ಶುರುವಾಗಿದ್ದ ಮೋಟಾರು ಭೋರ್ ಎಂದು ಬಂದು ಎತ್ತುಗಳನ್ನು ಬೆದರಿಸಿತು, ಇಮಾಮಕಾಕಾ ಅದರ ವಂಶವನ್ನೆಲ್ಲ ಬೈದ. ಐದನೆಯ ದಿನ ಬೆಳಿಗ್ಗೆ ತೆಂಗಿನ ತೋಟಗಳ ಸಂದಿಯಲ್ಲಿ ನೀರು ಕಂಡಿತು. ಅತ್ತೆ ಕೈ ಹಣೆಗೆ ಅಡ್ಡ ಹಿಡಿದು ಬಹಳ ಹೊತ್ತು ನೋಡಿ, “ಆಚಿ ದಂಡಿ ಎಲ್ಲೈತೋ?” ಅಂದಳು. ಇಲ್ಲವೆಂದ ಇಮಾಮಕಾಕಾ. “ಆಚಿ ದಂಡಿ ಇಲ್ಲದ ನೀರಿಗೆ ನನ್ನ ಹುರಿ ಕೊಟ್ಟೀನೇನು!” ಅಂದಳು ಅತ್ತೆ.

ವಿಠು ತಾಂಡೇಲ ಐವತ್ತರ ಗಟ್ಟಿ ಆಳು, ಮಾತು ಕಡಿಮೆ. ಅವರದು ಕೊಂಕಣದ ಕಡೆಯ ಮರಾಠಿ, ನಮಗೆ ಸಂತೆಯ ಮರಾಠಿ ಬರುತ್ತಿತ್ತು, ಹೇಗೋ ನಡೆಯಿತು. ಅವನ ಮಾತನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತೇನೆ, ಹೆಂಗಸರನ್ನು ಕರೆಯುವ ‘ಬಾಯಿ’ ಒಂದನ್ನು ಬಿಟ್ಟು. ಅತ್ತೆಯನ್ನು ಕಂಡು ಅವನಿಗೆ ಸಿಟ್ಟಿಗಿಂತ ಆಶ್ಚರ್ಯವೇ ಹೆಚ್ಚಾಯಿತು.

“ಇದಕ್ಕಾಗಿ ಘಾಟು ಇಳಿದು ಬಂದೆಯಾ ಬಾಯಿ? ಆಗಿದ್ದು ಆಯಿತು. ಬಳಸದೆ ಉಳಿದ ಲಡಿಗಳು ಮಾಂಗರದಲ್ಲಿವೆ, ತಗೊಂಡು ಹೋಗು.” ಮಾಂಗರವೆಂದರೆ ಬಲೆ ಇಡುವ ಚಪ್ಪರದ ಮನೆ.

“ಒಯ್ಯಾಕ ಬಂದಿಲ್ಲ. ಯಾಕ ಹರೀತು ಅಂತ ತಿಳಕೊಳ್ಳಾಕ ಬಂದೀನಿ. ತಪ್ಪು ನಂದಿದ್ರ ಒಪ್ಪಿಕೊಂಡ ಹೋಗ್ತೀನಿ. ಇಲ್ಲಂದ್ರ ನೀ ನನ್ನ ಹುರೀನ ಮತ್ತ ತಗೋಬೇಕು,” ಅಂದಳು ಅತ್ತೆ.

ಅವನು ಹೆಂಡತಿ ಸುಭದ್ರೆಯ ಮುಖ ನೋಡಿದ. ಅವಳು ಮಾಂಗರದ ಬೀಗ ತೆಗೆದು ಒಳಗೆ ಜಾಗ ಮಾಡಿಕೊಟ್ಟಳು. ಇಮಾಮಕಾಕಾ ಮುಂದಿನ ಖೇಪಿಗೆ ಬಂದು ಕರೆದೊಯ್ಯುತ್ತೇನೆಂದು ಹೇಳಿ ಹೊರಟುಹೋದ. ಮೂರು ಕಲ್ಲು ಹೂಡಿ ರೊಟ್ಟಿ ಬಡಿಯಲು ಕೂತಾಗ ಕೇರಿಯ ಹೆಂಗಸರೆಲ್ಲ ಸದ್ದು ಕೇಳಿ ಓಡಿ ಬಂದರು. ಅಂಗೈಯಲ್ಲಿ ರೊಟ್ಟಿ ತಿರುಗುವುದನ್ನು ಬಿಟ್ಟ ಕಣ್ಣು ಬಿಟ್ಟಹಾಗೆ ನೋಡಿದರು.

ಮಾರನೆಯ ದಿನದಿಂದ ಅತ್ತೆಯ ಪರೀಕ್ಷೆ ಶುರು. ಆ ಕಡಲ ದಂಡೆ ಒಂದೇ ಥರ ಇರಲಿಲ್ಲ. ಉತ್ತರಕ್ಕೆ ಕರೀ ಬಂಡೆ. ಅಲ್ಲಿ ಗಾಳ ಹಾಕುವವರು ಬಂಡೆಯ ತುದಿಯಲ್ಲಿ ಕುಕ್ಕರಗಾಲಲ್ಲಿ ಕೂತು ಹೊಟ್ಟೆಗೆ ಸುತ್ತಿದ ದಾರವನ್ನು ಬೀಸಿ ಎಸೆಯುತ್ತಿದ್ದರು. ನಡುವೆ ಒಂದು ಹರದಾರಿಯಷ್ಟು ಬಿಳೀ ಮರಳು, ದೊಡ್ಡ ಬಲೆ ಎಳೆಯುವುದು ಅಲ್ಲೇ. ದಕ್ಷಿಣಕ್ಕೆ ಹೊಳೆಯೊಂದು ಸಮುದ್ರ ಸೇರುವ ಖಾಡಿ, ಕೆಸರು, ಮೊಣಕಾಲು ನೀರಿನಲ್ಲಿ ನಿಂತು ಬೀಸುಬಲೆ ಹಾಕುವವರು. ಬಂಡೆ ತಿಕ್ಕಿತೋ, ಕೆಸರು ಕೊಳೆಸಿತೋ, ಮರಳು ತಿಂದಿತೋ? ಮೂರೂ ಕಡೆ ಹುರಿಯ ತುಂಡುಗಳನ್ನು ಕಟ್ಟಿಟ್ಟು ಎಂಟು ದಿನ ಬಿಟ್ಟು ನೋಡುವುದೆಂದು ಅತ್ತೆ ನಿಶ್ಚಯಿಸಿದಳು. ಉಳಿದಿದ್ದ ಲಡಿಗಳಿಂದ ತುಂಡು ಕತ್ತರಿಸಿ, ಅವರು ಬಲೆಗೆ ಮಾಡುವಂತೆಯೇ ಮತ್ತಿ ಮರದ ತೊಗಟೆ ಕುದಿಸಿದ ಕಷಾಯದಲ್ಲಿ ಅದ್ದಿಸಿಕೊಂಡಳು. ಆ ಕಷಾಯ ಕುಡಿದರೆ ಹುರಿ ಕಂದು ಬಣ್ಣಕ್ಕೆ ತಿರುಗಿ ಉಪ್ಪುನೀರಿಗೆ ತಾಳಿಕೊಳ್ಳುತ್ತದೆ.

ಮರಳಿನಲ್ಲಿ ಗೂಟ ಹೊಡೆಯುವ ದಿನ ನಡೆದದ್ದು ಈಗಲೂ ನಗು ಬರಿಸುತ್ತದೆ. ನೀರಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನಮ್ಮ ರೊಟ್ಟಿಯ ಗಂಟು, ಅತ್ತೆಯ ಚಪ್ಪಲಿ ಇಟ್ಟು ಗೂಟ ಹುಡುಕಲು ಹೋದೆವು. ಸುಭದ್ರೆ ದೂರದಿಂದ ಕೈ ಬೀಸಿ ಏನೋ ಕೂಗಿದಳು. ಅತ್ತೆ ಲಕ್ಷ್ಯ ಕೊಡಲಿಲ್ಲ. ತಿರುಗಿ ಬಂದು ನೋಡಿದರೆ ಗಂಟೂ ಇಲ್ಲ, ಚಪ್ಪಲಿಯೂ ಇಲ್ಲ, ನಾವು ನಿಂತಿದ್ದಲ್ಲಿ ಮೊಣಕಾಲು ನೀರು.

“ಆಕಾಶದಾಗ ಒಂದ ಮೋಡ ಇಲ್ಲ, ಘಟ್ಟದ ಮ್ಯಾಲ ಮಳಿ ಇಲ್ಲ, ನೀರ ಹೆಂಗ ಏರತೈತಿ?” ಎಂದು ಅತ್ತೆ ಸಮುದ್ರಕ್ಕೇ ಕೇಳಿದಳು. ಜೀವಮಾನವೆಲ್ಲ ಹೊಳೆ ನೋಡಿದವರಿಗೆ ಮಳೆಯಿಲ್ಲದೆ ನೀರು ಏರುವುದು ನಂಬುವ ಮಾತಲ್ಲ. ಸುಭದ್ರೆ ನಕ್ಕು ನಕ್ಕು ಮರಳಲ್ಲಿ ಕೂತುಬಿಟ್ಟಳು. ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ ಎಂದು ಬೆರಳೆಣಿಸಿ ತೋರಿಸಿದಳು. ಆ ದಿನ ಅವಳು ಕೊಟ್ಟ ಅವಲಕ್ಕಿ, ತೆಂಗಿನಕಾಯಿ ತಿಂದೆವು. ಮರುದಿನದಿಂದ ಅತ್ತೆ ಏರಿಳಿತವನ್ನು ಗೋಡೆಯ ಮೇಲೆ ಇದ್ದಿಲಿನಿಂದ ಗೀಟು ಹಾಕಿ ಗುರುತಿಟ್ಟುಕೊಂಡಳು. ನಾಲ್ಕು ದಿನದಲ್ಲಿ ನೀರು ಯಾವಾಗ ಏರುತ್ತದೆಂದು ಕೇರಿಯವರಿಗೇ ಹೇಳುವಷ್ಟಾದಳು.

ತಾಂಡೇಲನ ಮಂದಿ ಆಗ ಒಂದು ಹಳೇ ಸಣ್ಣ ಬಲೆಯಿಂದ ಹೇಗೋ ದಿನ ದೂಡುತ್ತಿದ್ದರು. ಎಳೆದರೆ ಬರುತ್ತಿದ್ದದ್ದು ಬುಟ್ಟಿಯ ತಳವೂ ಮುಚ್ಚದಷ್ಟು ಮೀನು. ಅಲ್ಲಿಯ ಕಟ್ಟಳೆ ಏನೆಂದರೆ ಹಗ್ಗಕ್ಕೆ ಕೈ ಹಚ್ಚಿದವರಿಗೆಲ್ಲ ಪಾಲು. ಯಾರ ಮಗ, ಯಾವ ಊರು ಕೇಳುವುದಿಲ್ಲ. ಪಾಲು ಅಂದರೆ ಈಗ ಒಬ್ಬೊಬ್ಬರಿಗೆ ಒಂದೊಂದು ಬೊಗಸೆ. ಮುದುಕಿಯರು ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಮಾತಾಡದೆ ಹೋಗುವರು. ನಮ್ಮನ್ನು ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಅಂತ ನನಗೆ ಅನಿಸುತ್ತಿತ್ತು.

ಎಂಟನೆಯ ದಿನ ಮೂರೂ ಕಡೆಯ ತುಂಡು ತಂದೆವು. ಬಂಡೆಯದು, ಕೆಸರಿನದು, ಮರಳಿನದು, ಮೂರೂ ಒಂದೇ ಥರ ಮೆತ್ತಗಾಗಿ ಜಗ್ಗಿದರೆ ಹರಿದವು. ಅಂದರೆ ಜಾಗದ ತಪ್ಪಲ್ಲ. ಅತ್ತೆ ನೆಲಕ್ಕೆ ಕೂತಳು. ಆಗ ಸುಭದ್ರೆ ಒಳಗಿನಿಂದ ಇನ್ನೊಂದು ತುಂಡು ಬಲೆ ತಂದು ಅವಳ ಮುಂದೆ ಹಾಕಿದಳು. ಅದು ಹಿಂದಿನ ವರ್ಷದ್ದು, ಅದೂ ಅತ್ತೆಯದೇ ಹುರಿ. ಎರಡು ಹಂಗಾಮು ಸಮುದ್ರ ಕಂಡಿದ್ದರೂ ಅತ್ತೆ ಕಾಲಿಗೆ ಸಿಕ್ಕಿಸಿ ಎರಡು ಕೈಯಿಂದ ಜಗ್ಗಿದರೆ ಜಪ್ಪಯ್ಯ ಅನ್ನಲಿಲ್ಲ.

“ಅದ ಹೊಲ, ಅದ ಬೀಜ, ಅದ ಮಡುವು,” ಅತ್ತೆ ಬೆರಳು ಮಡಚುತ್ತ ಹೋದಳು. “ತಕಲಿನೂ ಅದ, ಕೈಯೂ ಅದ...”

ಕೈ ಅದೇ ಅಲ್ಲ. ನುಣ್ಣಗೆ ಮಾಡಿದ ಕೈ ನನ್ನದು. ಕೊಳೆತ ತುಂಡೊಂದನ್ನು ಎತ್ತಿಕೊಂಡು ಉಗುರಿನಿಂದ ಎಳೆ ಬಿಡಿಸಿದೆ. ಮೇಲೆ ಕಂದು, ಒಳಗೆ ಬೆಳ್ಳಗೆ. ಕಷಾಯ ಒಳಗೆ ಇಳಿದೇ ಇಲ್ಲ. ಹಳೇ ತುಂಡು ಬಿಡಿಸಿ ನೋಡಿದೆ, ತಿರುಳಿನ ತನಕ ಕಂದು. ನಮ್ಮಪ್ಪ ಬಣ್ಣದವರಿಗೆ ನೂಲು ಕೊಡುವಾಗ ಅವರು ಮೊದಲು ಕೇಳುತ್ತಿದ್ದದ್ದು ಒಂದೇ, ಗಂಜಿ ತೆಗೆದೀರೇನ್ರಿ? ಗಂಜಿ ಇದ್ದಲ್ಲಿ ಬಣ್ಣ ಒಳಗೆ ಇಳಿಯುವುದಿಲ್ಲ. ನೇಕಾರರ ಮನೆಯ ಕೂಸಿಗೂ ಗೊತ್ತಿರುವ ಮಾತು. ನನಗೂ ಗೊತ್ತಿತ್ತು. ಹುರಿಯೆಂದರೆ ಬಣ್ಣ ಕುಡಿಯುವ ವಸ್ತು ಅಂತ ಮಾತ್ರ ಗೊತ್ತಿರಲಿಲ್ಲ.

ಆ ದಿನ ನಾನು ಹೇಳಲಿಲ್ಲ. ಹೇಳಲಿಲ್ಲ ಅಂತ ಬರೆಯಲು ಈಗಲೂ ನಾಚಿಕೆ. ಹೇಳದಿದ್ದರೆ ಏನಾಗುತ್ತದೆ? ಕಾರಣ ತಿಳಿಯದೆ ಊರಿಗೆ ಹೋಗುತ್ತೇವೆ, ತಾಂಡೇಲ ಗಿರಣಿ ಹುರಿ ತರಿಸುತ್ತಾನೆ, ಅತ್ತೆ ತಕಲಿ ಮೂಲೆಗೆ ಹಾಕುತ್ತಾಳೆ. ನನ್ನ ಮಾತು ಯಾರೂ ಎತ್ತುವುದಿಲ್ಲ. ಹೇಳಿದರೆ? ತವರಿಗೆ ಕಳಿಸಿಯಾಳು. ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅತ್ತೆ ಮಾಂಗರದ ಬಾಗಿಲಲ್ಲಿ ಕೂತು ಲಡಿಗಳ ಕೆಂಪು ದಾರವನ್ನು ಒಂದೊಂದಾಗಿ ಬಿಚ್ಚುತ್ತಿದ್ದಳು.

“ಯಾಕ್ರಿ ಬಿಚ್ಚಾಕತ್ತೀರಿ?”

“ಹರಿಯೂ ಹುರೀಗೆ ನನ್ನ ದಾರ ಯಾಕ?” ಅಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿಲ್ಲದ ಅತ್ತೆಯನ್ನು ನಾನು ನೋಡಿರಲಿಲ್ಲ. ನನಗೆ ತಡೆಯಲಾಗಲಿಲ್ಲ.

“ಅತ್ತಿ, ಬಿಚ್ಚಬ್ಯಾಡ್ರಿ. ಹುರೀದು ತಪ್ಪಲ್ಲ. ನಂದು ತಪ್ಪು. ನಿಮಗ ಜ್ವರ ಬಂದಾಗ ನಾ ಅದಕ್ಕ ಗಂಜಿ ಕುಡಿಸಿದ್ದೆ. ತಿಕ್ಕಿಲ್ಲ.”

ಅವಳ ಕೈ ನಿಂತಿತು. “ಗಂಜಿ?”

“ಜೋಳದ ಗಂಜಿರಿ. ನಮ್ಮ ಮನ್ಯಾಗ ನೂಲಿಗೆ ಹಾಕ್ತಾರಲ್ರಿ, ಹಂಗ. ಗಂಜಿ ಇದ್ದದ್ದಕ್ಕ ತೊಗಟಿ ನೀರು ಒಳಗ ಇಳಿದಿಲ್ಲ.”

“ಯಾಕ ಮಾಡಿದಿ?”

“ನುಣ್ಣಗ ಆಗ್ಲಿ ಅಂತ. ನೀವು ಛಲೋ ಆಗೈತಿ ಅನ್ಲಿ ಅಂತ.”

ಅತ್ತೆ ಎದ್ದು ನಿಂತಳು. ಹೊಡೆಯುತ್ತಾಳೆ ಅಂದುಕೊಂಡೆ, ಹೊಡೆಯಲಿಲ್ಲ. ಬೈದಳು. ಅಬ್ಬಾ, ಬೈದ ಬೈಗುಳವೇ! ನನ್ನನ್ನು ಬೈದಳು, ಅಂಕಲಗಿಯನ್ನು ಬೈದಳು, ಮಗ್ಗ ಕಂಡುಹಿಡಿದವನನ್ನೂ ಬೈದಳು. “ಇಷ್ಟ ಮನಿ ಮಂದೀದು ಗಂಗಾಳ ಬರಿದ ಮಾಡಿದೆಲ್ಲ, ಹುಚ್ಚ ಮೂಳಿ! ಒಂದ ಮಾತ ಕೇಳಿದ್ರ ನಿನ್ನ ಬಾಯಿ ಸವೀತಿತ್ತೇನು?” ಅಂದಳು. ನಾನು ಬಿಕ್ಕಿ ಬಿಕ್ಕಿ ಅಳತೊಡಗಿದೆ. ಆಗ ಅವಳು, “ಕಣ್ಣೀರ ಒರಸ್ಕೊ. ಉಪ್ಪನೀರಿಗೆ ಈ ಊರಾಗ ಬರ ಇಲ್ಲ. ಗಂಜಿ ತಗಿಯಾಕ ಬರತೈತೇನು ಹೇಳು,” ಅಂದಳು.

“ಬರತೈತ್ರಿ. ಬೂದಿ ನೀರಾಗ ಕುದಿಸಿ ಸಿಹಿನೀರಾಗ ಜಾಡಿಸಿ ತೊಳದ್ರ ಹೋಗತೈತಿ.”

“ಹಂಗಾರ ನಡಿ.”

ತಾಂಡೇಲ ಮರಳಲ್ಲಿ ಕೂತು ಹಳೇ ಬಲೆ ಹೊಲಿಯುತ್ತಿದ್ದ, ಸುತ್ತ ಹತ್ತಾರು ಮಂದಿ. ಅತ್ತೆ ನೇರ ಅವನ ಮುಂದೆ ಹೋಗಿ ನಿಂತಳು. “ತಾಂಡೇಲ, ತಪ್ಪು ನಂದು. ಹುರಿ ನುಣ್ಣಗ ಕಾಣಲಿ ಅಂತ ನಾನ ಗಂಜಿ ಹಚ್ಚಿದ್ದೆ. ನನಗ ತಿಳೀಲಿಲ್ಲ.” ನಾನು ಬಾಯಿ ತೆರೆದೆ. ಅತ್ತೆ ನನ್ನ ರಟ್ಟೆಯನ್ನು ಹೇಗೆ ಹಿಂಡಿದಳೆಂದರೆ ವಾರಗಟ್ಟಲೆ ಕಪ್ಪಾಗಿತ್ತು. “ಉಳದ ಲಡಿ ಎಲ್ಲಾ ತೊಳದ ಕೊಡತೀವಿ. ಹೊಟ್ಟೀನ ಹೊಸದಾಗಿ ಹೆಣೀಬೇಕು. ನಾವೂ ಕೂಡ್ತೀವಿ. ಎಷ್ಟ ದಿನಾ ಐತಿ ಹೇಳು.”

ಅವನು ಕೈಯಲ್ಲಿದ್ದ ಬಿದಿರು ಸೂಜಿಯನ್ನು ತಿರುಗಿಸುತ್ತ ಸಮುದ್ರ ನೋಡಿದ. “ಹದಿನೈದು ದಿನ. ಅದರ ಮೇಲೆ ಬಂಗಡೆ ಮೀನಿನ ಹಿಂಡು ನಮ್ಮ ದಂಡೆಗೆ ಬರುವುದು ಅನುಮಾನ.”

“ಸಾಕು,” ಅಂದಳು ಅತ್ತೆ.

ಆ ಹದಿನೈದು ದಿನ ನಾವು ಕೂತು ಉಂಡದ್ದು ನೆನಪಿಲ್ಲ. ಕೇರಿಯ ಒಲೆಗಳ ಬೂದಿಯನ್ನೆಲ್ಲ ಒಟ್ಟುಮಾಡಿ ನೀರು ಬಸಿದೆ. ಮದುವೆ ಅಡುಗೆಯ ತಾಮ್ರದ ಹಂಡೆಯಲ್ಲಿ ಲಡಿಗಳನ್ನು ಕುದಿಸಿ, ಖಾಡಿಗೆ ಸೇರುವ ಮುಂಚಿನ ಸಿಹಿನೀರಿನ ಹಳ್ಳಕ್ಕೆ ಹೊತ್ತು ಒಯ್ದು ಬಂಡೆಗೆ ಜಾಡಿಸಿದೆ. ನೀರು ಮೊದಲು ಬೆಳ್ಳಗೆ ಹೋಯಿತು, ಆಮೇಲೆ ತಿಳಿಯಾಯಿತು. ಅತ್ತೆ ಪ್ರತಿ ಲಡಿಯ ತುದಿ ಬಿಚ್ಚಿ ನಾಲಗೆಗೆ ಹಚ್ಚಿ ನೋಡುವಳು. “ಇನ್ನಾ ಐತಿ, ತೊಳಿ,” ಅನ್ನುವಳು. ಮತ್ತೆ ತೊಳೆಯುವೆ. ಮತ್ತಿ ತೊಗಟೆಯ ಕಷಾಯದಲ್ಲಿ ಮೂರು ದಿನ ಅದ್ದಿ ತೆಗೆದು ಎಳೆ ಬಿಡಿಸಿ ನೋಡಿದಾಗ ತಿರುಳಿನವರೆಗೆ ಕಂದಾಗಿತ್ತು. ನಾನು ಕೂಗಿದ ಕೂಗಿಗೆ ಸುಭದ್ರೆ ಹಾವೇ ಕಂಡಿತೆಂದು ಕೋಲು ಹಿಡಿದು ಓಡಿ ಬಂದಳು.

ಹೆಣೆಯುವುದನ್ನು ಅವಳೇ ಕಲಿಸಿದಳು. ಗಂಟು ಹಾಕುವ ಕೈ ನನ್ನದು, ಬೇಗ ಬಂತು. ಅತ್ತೆಗೆ ಬರಲಿಲ್ಲ, ಆದರೆ ಅವಳು ಕೂತಲ್ಲಿ ಯಾರ ಗಂಟೂ ಸಡಿಲವಾಗಲು ಸಾಧ್ಯವಿರಲಿಲ್ಲ. ಎಂಟು ಹತ್ತು ಹೆಂಗಸರು ಬೆಳಕು ಹರಿದಾಗ ಕೂತರೆ ಸಂಜೆ ಕಣ್ಣಿಗೆ ಕಾಣುವ ತನಕ. ಸುಭದ್ರೆ ನಮ್ಮ ರೊಟ್ಟಿ, ಶೇಂಗಾ ಹಿಂಡಿಗೆ ಮರುಳಾದಳು. ಅತ್ತೆ ಪ್ರತಿ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟು ಪೂಜೆ ಮಾಡುವಾಗ ಕೇರಿಯ ಮಂದಿ ಆ ಕಡೆ ಬುಟ್ಟಿ ಹೊತ್ತು ಹಾಯದೆ ಸುತ್ತು ಹಾಕಿ ಹೋಗುವರು. ಹೇಳಿದವರು ಯಾರೂ ಇಲ್ಲ, ತಾವೇ ತಿಳಿದುಕೊಂಡರು.

ಹದಿನಾಲ್ಕನೆಯ ದಿನ ಹೊಟ್ಟೆ ಬಲೆಗೆ ಸೇರಿತು. ಹದಿನೈದು, ಹದಿನಾರು, ಹದಿನೇಳು, ಸಮುದ್ರ ಖಾಲಿ. ಇಮಾಮಕಾಕಾ ಬಂದು ಗಾಡಿ ಬಿಟ್ಟು, “ಹೋಗೂನೇನ್ರಿ ಅಕ್ಕಾರ?” ಎಂದು ಕೇಳಿದ. “ಬಲಿ ನೀರ ಕಾಣೂತನಾ ಇಲ್ಲ,” ಅಂದಳು ಅತ್ತೆ.

ಹತ್ತೊಂಬತ್ತನೆಯ ದಿನ ಬಿಸಿಲೇರುವ ಹೊತ್ತಿಗೆ ಬಂಡೆಯ ನೆತ್ತಿಯಲ್ಲಿ ಕಾವಲಿದ್ದವನು ತಲೆಯ ವಸ್ತ್ರ ಬಿಚ್ಚಿ ಬೀಸಿದ. ನೀರಿನ ಮೇಲೆ ಮೋಡದ ನೆರಳು ಬಿದ್ದಂತೆ ಕಪ್ಪು ಕಾಣುತ್ತಿತ್ತು, ಆಕಾಶದಲ್ಲಿ ಮೋಡವಿರಲಿಲ್ಲ. ಅದೇ ಬಂಗಡೆಯ ಹಿಂಡು. ಅವರ ದೋಣಿ ನೀರಿಗಿಳಿದು ಬಲೆಯನ್ನು ಬಿಡುತ್ತ ಬಿಡುತ್ತ ಅರ್ಧ ಸುತ್ತು ಹಾಕಿ ಇನ್ನೊಂದು ತುದಿಯ ಹಗ್ಗವನ್ನು ದಂಡೆಗೆ ತಂದಿತು. ಕೇರಿಗೆ ಕೇರಿಯೇ ಓಡಿ ಬಂದು ಎರಡು ಹಗ್ಗಕ್ಕೆ ಎರಡು ಸಾಲಾಗಿ ನಿಂತರು. ಹೆಜ್ಜೆ ಹೆಜ್ಜೆಗೂ ಹೋ ಅನ್ನುತ್ತ ಹಿಂದಕ್ಕೆ ಹಿಂದಕ್ಕೆ ಎಳೆದರು. ನಾನೂ ಸೀರೆ ಕಚ್ಚೆ ಬಿಗಿದು ಹಿಡಿದೆ. ಅತ್ತೆ ದೂರ ನಿಂತಿದ್ದಳು.

ಹೊಟ್ಟೆ ಹತ್ತಿರ ಬಂದಂತೆ ಹಗ್ಗ ನಿಂತೇಹೋಯಿತು. ಹೋದ ಸಲ ಹರಿದದ್ದು ಇಲ್ಲೇ. ತಾಂಡೇಲ ಎದೆಮಟ್ಟ ನೀರಿಗಿಳಿದು ಬಲೆ ಮುಟ್ಟಿ ನೋಡುತ್ತಿದ್ದ. ಆಗ ನನ್ನ ಹಿಂದೆ ಹಗ್ಗಕ್ಕೆ ಇನ್ನೆರಡು ಕೈ ಬಿದ್ದವು. ತಿರುಗಿ ನೋಡಿದರೆ ಅತ್ತೆ.

“ಜಗ್ಗ ನೀಲಾ,” ಅಂದಳು. “ಹರೀತಂದ್ರ ಇಬ್ಬರೂ ಕೂಡೇ ಬೀಳೂನು.”

ಜಗ್ಗಿದೆವು. ಹರಿಯಲಿಲ್ಲ. ಬಲೆಯ ಹೊಟ್ಟೆ ಮರಳಿನ ಮೇಲೆ ಬಂದು ಬಿದ್ದಾಗ ಮೀನು ಕುದಿಯುವ ಸದ್ದು ಅಲೆಯ ಸದ್ದಿಗಿಂತ ಜೋರಾಗಿತ್ತು. ಮುದುಕಿಯರು ಕುಣಿದರು. ಅತ್ತೆ ಮೀನಿನ ಕಡೆ ನೋಡಲೂ ಇಲ್ಲ, ಬಗ್ಗಿ ಹುರಿಯ ಗಂಟುಗಳನ್ನು ಬೆರಳಿನಿಂದ ಒಂದೊಂದಾಗಿ ತಡವುತ್ತಿದ್ದಳು. ಅಳುತ್ತಿದ್ದಳು.

ಪಾಲು ಹಾಕುವಾಗ ತಾಂಡೇಲ ನಮ್ಮಿಬ್ಬರ ಮುಂದೆಯೂ ಒಂದೊಂದು ಗುಡ್ಡೆ ಸುರಿದ. ಅತ್ತೆ ಹಿಂದಕ್ಕೆ ಜಿಗಿದಳು. “ಅಯ್ಯ, ನಮಗ ಬ್ಯಾಡ್ರಿ! ನಾವು ಮುಟ್ಟಂಗಿಲ್ಲ.”

“ಹಗ್ಗ ಮುಟ್ಟಿದಿರಲ್ಲ ಬಾಯಿ,” ಅಂದ ಅವನು. “ಕೈ ಹಚ್ಚಿದವರು ಪಾಲು ಬಿಟ್ಟು ಹೋಗುವಂತಿಲ್ಲ. ಇದು ನನ್ನ ಮಾತಲ್ಲ, ದಂಡೆಯ ಮಾತು.”

ಅತ್ತೆ ಕಟ್ಟಳೆಯೆಂದರೆ ಕಟ್ಟಳೆಯೇ ಎಂದು ಒಪ್ಪಿಕೊಂಡಳು. ಸುಭದ್ರೆ ಆ ಪಾಲನ್ನು ಉಪ್ಪು ಹಾಕಿ ಒಣಗಿಸಿ ಚೀಲ ತುಂಬಿದಳು. ಇಮಾಮಕಾಕಾನ ಮನೆಗೆ ಆಯಿತು ಅದು. ಆದರೆ ಗಾಡಿಯಲ್ಲಿ ಬೇರೆ ಜಾಗವಿರಲಿಲ್ಲ. ಐದು ದಿನ ನಾವಿಬ್ಬರೂ ಅದೇ ಚೀಲಗಳ ಮೇಲೆ ಕೂತು, ಅವಕ್ಕೇ ತಲೆಕೊಟ್ಟು ಮಲಗಿ ಘಾಟು ಹತ್ತಿದೆವು. ಮೊದಲ ದಿನ ಮೂಗು ಮುಚ್ಚಿದೆವು, ಮೂರನೆಯ ದಿನಕ್ಕೆ ಮರೆತೇಹೋಯಿತು. ಆ ಐದು ದಿನ ಅತ್ತೆ ನನ್ನ ಜೊತೆ ಆಡಿದಷ್ಟು ಮಾತು ಅದಕ್ಕೂ ಮೊದಲು ಆಡಿರಲಿಲ್ಲ. ತಾನು ಸೊಸೆಯಾಗಿ ಬಂದಾಗ ಕಣ್ಣು ತಪ್ಪಿಸಿ ಮಾಡಿದ ತಪ್ಪುಗಳನ್ನು ಒಂದೊಂದಾಗಿ ಹೇಳಿ ನಗಿಸಿದಳು. ಒಣಮೀನಿನ ಮುಂದೆ ನಾನು ಯಾಕೆ ನಿಲ್ಲುತ್ತೇನೆಂದು ಈಗ ಸೊಸೆಗೆ ತಿಳಿದೀತು.

ಮನೆಯಲ್ಲಿ ನನ್ನ ಗಂಡ ಕೇಳಿದ ಮೊದಲ ಮಾತು, “ಏನಾಗಿತ್ತಬೇ ಯವ್ವಾ?”

“ನಾನ ಗಂಜಿ ಹಚ್ಚಿದ್ದೆಪಾ. ವಯಸ್ಸಾತು, ಬುದ್ಧಿ ಮಂಕಾಗೈತಿ,” ಅಂದಳು ಅತ್ತೆ ಕಾಲು ತೊಳೆಯುತ್ತ.

ಇಮಾಮಕಾಕಾನ ಗಾಡಿಯ ಜೊತೆ ಆ ಮಾತು ಊರು ಸುತ್ತಿತು. ಆ ವರ್ಷವೆಲ್ಲ ಅವಳಿಗೆ ‘ಗಂಜಿ ಗಂಗವ್ವ’ ಎಂದೇ ಹೆಸರು. ಬಾವಿಕಟ್ಟೆಯಲ್ಲಿ ಹೆಂಗಸರು, “ಏನ್ ಗಂಗವ್ವಾ, ಈ ಸಲ ಹುರೀಗೆ ಗಂಜಿ ಅಷ್ಟ ಏನು, ಪಲ್ಲೆನೂ ಹಚ್ಚತಿಯೇನು?” ಅನ್ನುವರು. ಅವಳು ಕೊಡ ತುಂಬಿಕೊಂಡು ಬರುವಳು. ನಾನು ಪಕ್ಕದಲ್ಲೇ ಇರುತ್ತಿದ್ದೆ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಅಂದುಕೊಳ್ಳುತ್ತಲೇ ಒಂದು ಸುಗ್ಗಿ ಕಳೆಯಿತು.

ಮುಂದಿನ ಬೇಸಿಗೆ ಲಡಿಗಳು ತಯಾರಾದವು. ವಿಠು ತಾಂಡೇಲ ಹೇಳಿ ಕಳಿಸಿದ್ದ, ಗಂಗವ್ವನ ಹುರಿಯೇ ಬೇಕು, ಆದರೆ ಗಂಜಿ ಬೇಡ. ಒದ್ದೆ ನಾರಿನಿಂದ ಅಂಗೈ ಸುಲಿಯುವ ತನಕ ತಿಕ್ಕಿದ್ದೆ. ಇಮಾಮಕಾಕಾ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿದ. ನನ್ನ ಗಂಡ ಮೂಟೆ ಕಟ್ಟಲು ನಿಂತಿದ್ದರು. ಓಣಿಯ ಹೆಂಗಸರು ಚೇಷ್ಟೆಗೆಂದೇ ಬಂದು ಕಟ್ಟೆಯ ಮೇಲೆ ಕೂತಿದ್ದರು. ಅತ್ತೆ ಕೆಂಪು ದಾರದ ಉಂಡೆ ತೆಗೆದಳು, ತಾನು ಕೂರಲಿಲ್ಲ. ನನ್ನ ಕೈಗೆ ಕೊಟ್ಟಳು.

“ಇನ್ನ ನೀ ಕಟ್ಟು.”

ಹುರಿ ಹರಿದರೆ ಕಟ್ಟಿದವಳನ್ನೇ ಕೇಳಬೇಕು ಅನ್ನುವುದು ಆ ದಾರದ ಅರ್ಥ. ಹಾಗಾದರೆ ಹೋದ ವರ್ಷದ್ದನ್ನು ಮೊದಲು ಹೇಳಿಯೇ ಕಟ್ಟಬೇಕು. ನಾನು ಎದ್ದು ನಿಂತೆ.

“ಎಲ್ಲಾರೂ ಕೇಳ್ರಿ,” ಅಂದೆ. ದನಿ ಜೋರಾಗಿಯೇ ಬಂತು. “ಹ್ವಾದ ವರ್ಷ ಹುರೀಗೆ ಗಂಜಿ ಹಚ್ಚಿದಾಕಿ ನಮ್ಮತ್ತಿ ಅಲ್ಲ. ನಾನು.”

ನನ್ನ ಗಂಡ ತಮ್ಮ ತಾಯಿಯ ಕಡೆ ತಿರುಗಿದರು. ಅತ್ತೆ ಯಾರನ್ನೂ ನೋಡಲಿಲ್ಲ. ಮೊದಲ ಲಡಿ ಎತ್ತಿ ನನ್ನ ಮುಂದೆ ಹಿಡಿದಳು.

“ಆತ ಬಿಡು, ಹೇಳಿದೆಲ್ಲ. ಗಂಟ ಬಿಗೀಯಾಗಿ ಕಟ್ಟು,” ಅಂದಳು.